ಊದಿಸುವವಳು

‘ಇವತ್ತು ಹೇಳಿಯೇ ಬಿಡಬೇಕು. ಹೇಳಿದರೆ ಅವರಿಗೆ ಬೇಜಾರಾದೀತು. ಹೇಳದಿದ್ದರೆ ಇವತ್ತೂ ಟೆಸ್ಟ್ ಕೆಟ್ಟೀತು.’

ಡೊಂಬಿವಲಿ ಬಿಟ್ಟ ನಸುಕಿನ ಲೋಕಲ್‌ನಲ್ಲಿ, ಲೇಡೀಸ್ ಡಬ್ಬದ ಕಿಟಕಿಯ ಸರಳಿಗೆ ಹಣೆ ಆನಿಸಿ ಕೂತ ಪೂಜಿತಾ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಫೆಬ್ರವರಿಯ ಚಳಿಗಾಳಿ ಮುಖಕ್ಕೆ ಬಡಿಯುತ್ತಿದೆ. ಎದುರಿನ ಸೀಟಿನಲ್ಲಿ ಒಬ್ಬಾಕೆ ಕಣ್ಣು ಮುಚ್ಚಿ ಸ್ತೋತ್ರ ಗುನುಗುತ್ತಿದ್ದಾಳೆ, ಪಕ್ಕದವಳು ಅವಳ ಭುಜಕ್ಕೇ ತಲೆಯಿಟ್ಟು ನಿದ್ದೆ ಹೋಗಿದ್ದಾಳೆ. ಡೈರಿಯಲ್ಲಿ ಬರೆದರೂ ಹಗುರಾಗದ ಚಿಂತೆ ಇದು. ಮೂವತ್ತು ವರ್ಷ ಊದಿಯೇ ಬದುಕಿದವರಿಗೆ ‘ನೀವು ಊದುವುದು ಸರಿಯಿಲ್ಲ’ ಎಂದು ಇನ್ನೂ ಮೂವತ್ತು ತುಂಬದ ಹುಡುಗಿಯೊಬ್ಬಳು ಹೇಳುವುದು ಹೇಗೆ?

ಊದಿ ಬದುಕಿದವರೆಂದರೆ ಕಲ್ಯಾಣದ ಧರ್ಮಪಾಲ ಮಾಸ್ಟ್ರು. ಆ ಕಡೆ ಕಲ್ಯಾಣ, ಈ ಕಡೆ ಠಾಣೆ, ಸಮುದ್ರದ ಹಿನ್ನೀರಿನ ಖಾಡಿ ದಾಟಿದರೆ ಐರೋಲಿ, ಎಲ್ಲಿ ತುಳುವರ ಮದುವೆಯಿದ್ದರೂ ದಿಬ್ಬಣದ ಮುಂದೆ ಅವರ ಸ್ಯಾಕ್ಸೋಫೋನ್ ಇರಬೇಕು. ಇವತ್ತು ಅವರು ಪೂಜಿತಾಳ ಎದುರು ಮೂರನೇ ಸಲ ಕೂರುವವರಿದ್ದಾರೆ. ಮೊದಲೆರಡು ಸಲವೂ ಪರೀಕ್ಷೆ ಕೆಟ್ಟಿದೆ.

ಠಾಣೆಯಲ್ಲಿ ಇಳಿದು, ಶೇರ್ ರಿಕ್ಷಾ ಹಿಡಿದು, ಮಾಜಿವಾಡಾದ ಹೈವೇ ಪಕ್ಕದ ಆಸ್ಪತ್ರೆಗೆ ಪೂಜಿತಾ ಬಂದಾಗ ಕಾರಿಡಾರಿನ ದೀಪಗಳು ಅರ್ಧ ಮಾತ್ರ ಉರಿಯುತ್ತಿರುತ್ತವೆ. ಎರಡನೇ ಮಹಡಿಯ ಮೂಲೆಯಲ್ಲಿ ಅವಳ ಕೋಣೆ. ಶ್ವಾಸಕೋಶದ ಶಕ್ತಿಯನ್ನು ಅಳೆಯುವ ಕೋಣೆ ಅದು. ವಾರ್ಡಿನವರ ಬಾಯಲ್ಲಿ ‘ಫೂಂಕ್‌ವಾಲಾ ರೂಮ್’, ಊದುವ ಕೋಣೆ. ಆಪರೇಶನ್ನಿಗೆ ಕಾದವರು ಬೆಳಿಗ್ಗೆಯೇ ಬರುವುದರಿಂದ ಎಲ್ಲರಿಗಿಂತ ಮೊದಲು ತೆರೆಯುವ ಬಾಗಿಲು ಇದರದು.

ಬಂದವಳು ಮೊದಲು ಯಂತ್ರವನ್ನು ಉಸಿರಾಡಿಸುತ್ತಾಳೆ. ಮೂರು ಲೀಟರ್ ಗಾಳಿ ಹಿಡಿಯುವ, ಸೈಕಲ್ ಪಂಪಿಗಿಂತಲೂ ದಪ್ಪದ ಸಿರಿಂಜನ್ನು ನಳಿಗೆಗೆ ಸಿಕ್ಕಿಸಿ ಎಳೆದು ತಳ್ಳುತ್ತಾಳೆ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಯಂತ್ರ ಮೂರನ್ನು ಮೂರು ಎಂದೇ ತೋರಿಸಿದ ಮೇಲೆ ಕುರ್ಚಿಯ ಸರದಿ. ಕೈಗಳಿರುವ ಕುರ್ಚಿಯನ್ನು ಹೊರಗಿಟ್ಟು, ಕೈಗಳಿಲ್ಲದ ಅಗಲವಾದ ಬೆಂಚನ್ನು ಒಳಗೆಳೆಯುತ್ತಾಳೆ.

“ತುಂಬಾ ದಪ್ಪ ಇರುವವರು ಬಾಗಿಲಲ್ಲಿ ನಿಂತು ಮೊದಲು ನೋಡುದು ಕುರ್ಚಿಯನ್ನು. ಹಿಡಿಸ್ತದಾ ಇಲ್ವಾ ಅಂತ. ಅವರು ಆ ಲೆಕ್ಕ ಹಾಕುವ ಮೊದಲೇ ನಾನು ಕುರ್ಚಿ ತೆಗೆದಿಡ್ತೇನೆ,” ಎನ್ನುತ್ತಾಳೆ ಪೂಜಿತಾ. ಅವಳ ಮಾತು ಕೇಳಬೇಕಾದರೆ ಕಿವಿಯನ್ನು ಸ್ವಲ್ಪ ಮುಂದೆ ಚಾಚಬೇಕು. ಫ್ಯಾನ್ ತಿರುಗುತ್ತಿದ್ದರೆ ಅದೂ ಸಾಲದು.

ಇಂಥವಳ ಕೆಲಸ ಕೂಗುವುದು ಎಂದರೆ ನಂಬುವುದು ಕಷ್ಟ.

ಪರೀಕ್ಷೆ ನೋಡಲು ಸುಲಭ. ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ನಳಿಗೆ. ಎದೆ ತುಂಬ ಉಸಿರೆಳೆದು, ಒಂದೇ ಏಟಿಗೆ ಹೊರಗೆ ದಬ್ಬಿ, ಒಳಗೆ ಏನೂ ಉಳಿಯದ ತನಕ ದಬ್ಬುತ್ತಲೇ ಇರಬೇಕು. ಹೆಚ್ಚಿನವರು ಎರಡು ಕ್ಷಣಕ್ಕೆ ಸಾಕು ಮಾಡುತ್ತಾರೆ. ನಾಚಿಕೆ, ಕೆಮ್ಮು, ತಲೆ ತಿರುಗೀತೆಂಬ ಭಯ. ಆಗ ಪಕ್ಕದಲ್ಲಿ ನಿಂತವರು ಬಿಡದೆ ಕೂಗಬೇಕು. ಅಳೆಯುವುದು ಯಂತ್ರದ ಪಾಲು, ಊದಿಸುವುದು ಮನುಷ್ಯರ ಪಾಲು. ದಿನಕ್ಕೆ ಹತ್ತು ಹನ್ನೆರಡು ಮಂದಿ, ಒಬ್ಬೊಬ್ಬರಿಂದಲೂ ಒಂದಕ್ಕೊಂದು ಹೊಂದುವ ಮೂರು ಊದು. ಕೆಲವರಿಂದ ಅದು ಬರಲು ಎಂಟು ಸಲ ಊದಿಸಬೇಕು. ಲೆಕ್ಕ ಹಾಕಿದರೆ, ಡೊಂಬಿವಲಿ ಸ್ಟೇಷನ್ನಿನ ಅನೌನ್ಸರಿಗಿಂತ ಹೆಚ್ಚು ಕೂಗುವ ಹುಡುಗಿ ಇವಳು.

ಕೂಗು ಕೂಡ ಒಂದೇ ಅಲ್ಲ. ಹೋಟೆಲಿನ ಅಡುಗೆಯವರು ಕೂತರೆ “ಒಲೆ ಆರ್ತಾ ಉಂಟು, ಊದಿ ಊದಿ!” ಮರಾಠಿ ಅಜ್ಜಿಯಾದರೆ “ಆಜಿ, ಅಜೂನ್, ಅಜೂನ್!” ಅಜ್ಜೀ, ಇನ್ನೂ, ಇನ್ನೂ. ಎದುರಿರುವವರ ಮುಖ ನೋಡಿದ ಮೇಲೆಯೇ ಅವಳ ಬಾಯಿಗೆ ಮಾತು ಬರುವುದು.

ಬಾಲ್ಯದಲ್ಲಿ ಈ ದನಿ ಎಲ್ಲಿತ್ತೋ. ಡೊಂಬಿವಲಿಯ ಶಾಲೆಯಲ್ಲಿ ಹಾಜರಿ ಕರೆಯುವಾಗ ಪೂಜಿತಾ “ಪ್ರೆಸೆಂಟ್” ಎನ್ನುತ್ತಿದ್ದದ್ದು ಅವಳ ಬೆಂಚಿನವರಿಗೂ ಕೇಳುತ್ತಿರಲಿಲ್ಲ. ಕ್ಲಾಸಿನಲ್ಲಿ ಕೂತೇ ಎಷ್ಟೋ ದಿನ ಗೈರುಹಾಜರಾದವಳು. ಅಪ್ಪ ಬೂಬ ಪೂಜಾರಿಯವರಿಗೆ ಠಾಣೆಯ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಭಟ್ಟಿಯ ಸದ್ದಿನ ಮೇಲೆ ಕೂಗಿ ಕೂಗಿ ಅವರ ದನಿ ಓಣಿಯಾಚೆಗೂ ಮುಟ್ಟುತ್ತದೆ. “ನಮ್ಮ ಮನೆಯ ಕೋಟಾದ ದನಿಯೆಲ್ಲ ನಾನೇ ಖರ್ಚು ಮಾಡಿಬಿಟ್ಟೆ ಮಾರಾಯ್ರೆ. ಮಗಳ ಪಾಲಿಗೆ ಉಳಿಯಲಿಲ್ಲ,” ಎಂದು ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಬಿ.ಎಸ್ಸಿ. ಮುಗಿಸಿ, ಶ್ವಾಸಕೋಶ ಪರೀಕ್ಷೆಯ ಕೋರ್ಸು ಕಲಿತು ಈ ಕೋಣೆಗೆ ಸೇರಿದ ಮೊದಲ ತಿಂಗಳು ಅವಳ ಕೈಯಲ್ಲಿ ಒಬ್ಬ ರೋಗಿಯೂ ಸರಿಯಾಗಿ ಊದಲಿಲ್ಲ. ಹಿರಿಯ ಟೆಕ್ನಿಶಿಯನ್ ಸಾವಂತ್ ಮೇಡಂ ಸೊಂಟಕ್ಕೆ ಕೈಯಿಟ್ಟು ನಿಂತು ಗದರಿದರು: “ಪೇಶಂಟ್ ಫುಂಕತ್ ನಾಹೀ, ಕಾರಣ್ ತೂ ಓರಡತ್ ನಾಹೀಸ್!” ನೀನು ಕೂಗುವುದಿಲ್ಲ, ಅದಕ್ಕೇ ಅವರು ಊದುವುದಿಲ್ಲ.

ಮನೆಯಲ್ಲಿ ಕೂಗಿ ಕಲಿಯೋಣವೆಂದರೆ ಗೋಡೆಯಾಚೆ ಪಕ್ಕದ ಮನೆ. ಅವಳು ಕಂಡುಕೊಂಡ ಜಾಗ ಠಾಕುರ್ಲಿಯ ಕಡೆಯ ರೈಲಿನ ಮೇಲ್ಸೇತುವೆ. ಕೆಲಸದಿಂದ ಬಂದವಳು ಸೇತುವೆಯ ನಡುವೆ ನಿಂತು, ಕೆಳಗೆ ಫಾಸ್ಟ್ ಲೋಕಲ್ ಧಡಧಡ ಹೋಗುವಾಗ ಮಾತ್ರ ಬಾಯಿ ಬಿಡುತ್ತಿದ್ದಳು. “ಊದಿ! ಇನ್ನೂ! ಬಿಡಬೇಡಿ!” ರೈಲಿನ ಸದ್ದಿನ ಮರೆಯಲ್ಲಿ ಅವಳ ದನಿ ಸ್ವಲ್ಪ ಸ್ವಲ್ಪವೇ ದೊಡ್ಡದಾಯಿತು.

“ಒಂದು ದಿನ ರೈಲು ಮುಗಿದುಹೋಯ್ತು, ನನ್ನ ಕೂಗು ಮುಗಿದಿರಲಿಲ್ಲ. ಕೊತ್ತಂಬರಿ ಮಾರುವ ಮಾವಶಿ ‘ಕಾಯ್ ಝಾಲಂ ಗ?’ ಏನಾಯ್ತೇ ಅಂತ ಬುಟ್ಟಿ ಬಿಟ್ಟು ಓಡಿ ಬಂದ್ಲು. ಯಾರೋ ನನ್ನ ಪರ್ಸ್ ಎಳೆದ್ರು ಅಂತ ಅವಳಿಗೆ. ಆಮೇಲೆ ಒಂದು ವಾರ ನಾನು ಆ ಸೇತುವೆಗೆ ಹೋಗಲಿಲ್ಲ,” ಎಂದು ಹೇಳುವಾಗ ಈಗಲೂ ಅವಳ ಕಿವಿ ಕೆಂಪಾಗುತ್ತದೆ.

ಕೋಣೆಯೊಳಗೆ ದನಿ ಬಂತು. ಹೊರಗೆ ಮಾತ್ರ ಬರಲಿಲ್ಲ. ಮದುವೆ ಮುಂಜಿಗಳಲ್ಲಿ ಯಾರಾದರೂ “ಏನು ಕೆಲಸ ಮಗಾ?” ಎಂದರೆ “ಆಸ್ಪತ್ರೆಯಲ್ಲಿ” ಎನ್ನುತ್ತಾಳೆ, ಅಷ್ಟೇ. ಅಮ್ಮ ವಿಮಲಾ “ಲ್ಯಾಬ್‌ನಲ್ಲಿ” ಎಂದು ಸೇರಿಸುತ್ತಾರೆ. ಕೇಳಿದವರು ತಕ್ಷಣ ತೋಳು ಚಾಚಿ “ಹಾಗಾದ್ರೆ ನನ್ನ ಶುಗರ್ ಒಂದು ನೋಡು ಮಾರಾಯ್ತಿ” ಎಂದು ನಗೆಯಾಡುತ್ತಾರೆ. ಪೂಜಿತಾ ತಿದ್ದುವುದಿಲ್ಲ. “ನಾನು ಜನರನ್ನು ಊದಿಸ್ತೇನೆ ಅಂದ್ರೆ ನಗಾಡ್ತಾರೆ. ಅದಕ್ಕಿಂತ ರಕ್ತವೇ ವಾಸಿ,” ಎನ್ನುವುದು ಅವಳ ಸಮಾಧಾನ.

ಧರ್ಮಪಾಲ ಮಾಸ್ಟ್ರು ಈ ಕೋಣೆಗೆ ಮೊದಲು ಬಂದದ್ದು ಜನವರಿಯಲ್ಲಿ. ಹೆಂಡತಿ ಶರ್ಮಿಳಾ ಒಂದು ಕಡೆ, ಡೋಲು ಬಾರಿಸುವ ಜೊತೆಗಾರ ಅಂಗಾರ ಇನ್ನೊಂದು ಕಡೆ. ಲಿಫ್ಟಿನಿಂದ ಕೋಣೆಗೆ ಬರುವಷ್ಟರಲ್ಲಿ ಉಸಿರು ಸುಧಾರಿಸಿಕೊಳ್ಳಲು ಎರಡು ಸಲ ನಿಂತಿದ್ದರು. ದೇಹದ ತೂಕ ನೂರೈವತ್ತು ಕಿಲೋ ದಾಟಿ ವರ್ಷಗಳಾಗಿದ್ದವು. ಏದುಸಿರು ಶುರುವಾದಾಗ ಮನೆಯ ಹತ್ತಿರದ ಡಾಕ್ಟರು ದಮ್ಮು ಎಂದು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಅದೇ ಪಂಪು ಆರು ವರ್ಷ ನಡೆಯಿತು, ಏದುಸಿರು ಮಾತ್ರ ಬೆಳೆಯುತ್ತಲೇ ಹೋಯಿತು. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಒಂದು ವರ್ಷದಿಂದ ಅವರ ನಿದ್ದೆ ಕುರ್ಚಿಯಲ್ಲೇ.

ಹೊಟ್ಟೆಪಾಡಿನ ವಾದ್ಯಕ್ಕೂ ಅದು ತಾಗಿತ್ತು. ಮೊದಲು ಒಂದು ಉಸಿರಿನಲ್ಲಿ ಮುಗಿಯುತ್ತಿದ್ದ ಸಾಲು ಎರಡಾಯಿತು, ಮೂರಾಯಿತು. ದಿಬ್ಬಣದ ಮುಂದೆ ನಡೆಯುವುದನ್ನು ಬಿಟ್ಟು ಮಂಟಪದ ಪಕ್ಕ ಕುರ್ಚಿ ಹಾಕಿಸಿಕೊಂಡರು. ಉಸಿರು ತುಂಡಾದಲ್ಲೆಲ್ಲ ಅಂಗಾರ ಡೋಲಿನ ಪೆಟ್ಟು ಹೆಚ್ಚಿಸಿ ಮುಚ್ಚುತ್ತಿದ್ದ. “ಜನರಿಗೆ ಎಂತ ಗೊತ್ತಾಗ್ತದೆ? ಅಂಗಾರ ಇವತ್ತು ಭಾರಿ ಜೋಶಲ್ಲಿದ್ದಾನೆ ಅಂತ ಅವರಿಗೆ. ನನ್ನ ಕೈಯಲ್ಲಿ ಬೊಬ್ಬೆ ಬಂದದ್ದು ನನಗೆ ಗೊತ್ತು,” ಎನ್ನುತ್ತಾನೆ ಆತ. ಹಿಂದಿನಿಂದ ಕೆಲವರು ನಗುತ್ತಿದ್ದದ್ದೂ ಉಂಟು. ತಿಂದು ತಿಂದು ಊದಿಕೊಂಡಿದ್ದಾರೆ, ಇನ್ನೆಲ್ಲಿ ಊದುವುದು ಎಂದು.

ತೂಕ ಇಳಿಸುವ ಆಪರೇಶನ್ ಮಾಡಬಹುದೆಂದು ಆಸ್ಪತ್ರೆಯವರು ಹೇಳಿದಾಗ ಮಾಸ್ಟ್ರು ಒಪ್ಪಿದ್ದರು. ಆದರೆ ಅದಕ್ಕೆ ಮೊದಲು ಶ್ವಾಸಕೋಶದ ಪರೀಕ್ಷೆ ಆಗಬೇಕು. “ಪ್ರಜ್ಞೆ ತಪ್ಪಿಸಿ ಮಲಗಿಸುವವರಿಗೆ ಅವರ ಉಸಿರಿನ ಲೆಕ್ಕ ಸರಿಯಾಗಿ ಗೊತ್ತಿರಲೇಬೇಕು. ಪಂಪು ಬೇಕಾದ ಶ್ವಾಸಕೋಶವಾ, ಜಾಗ ಬೇಕಾದ ಶ್ವಾಸಕೋಶವಾ ಎಂದು ತಿಳಿಯದೆ ನಾನು ಸಹಿ ಹಾಕುವ ಹಾಗಿರಲಿಲ್ಲ,” ಎನ್ನುತ್ತಾರೆ ಶ್ವಾಸಕೋಶದ ಡಾಕ್ಟರ್ ಅಮಿತಾ.

ಆ ಲೆಕ್ಕವೇ ಸಿಗಲಿಲ್ಲ. ಮಾಸ್ಟ್ರು ರಟ್ಟಿನ ನಳಿಗೆಯನ್ನು ಸ್ಯಾಕ್ಸೋಫೋನಿನ ರೀಡು ಕಚ್ಚಿದ ಹಾಗೆ ತುಟಿ ಮಡಿಸಿ ಕಚ್ಚಿದರು. ಉಸಿರನ್ನು ಸಣ್ಣ ಎಳೆಯಾಗಿ, ಅಳೆದು ಅಳೆದು, ಉಳಿಸಿ ಉಳಿಸಿ ಬಿಟ್ಟರು. ಪರದೆಯ ಮೇಲೆ ಚೂಪಾಗಿ ಏರಬೇಕಾದ ಗೆರೆ ಚಪಾತಿಯ ಹಾಗೆ ಮಲಗಿತು. ಪೂಜಿತಾ ಎಷ್ಟು ಕೂಗಿದರೂ ಅಷ್ಟೇ. ಎರಡನೇ ಸಲವೂ ಹಾಗೇ ಆಯಿತು. ನಿಯಮದಂತೆ ಅವಳು ಷರಾ ಬರೆಯಲೇಬೇಕಾಯಿತು: ಪ್ರಯತ್ನ ಸಾಲದು.

ಮಾಸ್ಟ್ರು ಅದನ್ನು ಹೆಂಡತಿಯ ಕೈಯಿಂದ ಕಸಿದು ಓದಿದರು. “ಪ್ರಯತ್ನ ಸಾಲದಾ? ನನಗಾ? ನಾನು ಹುಟ್ಟಿದ್ದೇ ಊದುವವರ ಮನೆಯಲ್ಲಿ ಮಗಾ. ಮಾತು ಕಲಿಯುವ ಮೊದಲು ಊದಲು ಕಲಿತವ!” ಏದುಸಿರಿನ ನಡುವೆ ಅವರು ಅಷ್ಟನ್ನು ನಾಲ್ಕು ತುಂಡಾಗಿ ಹೇಳಿದರು. ಆಮೇಲೆ ಬಾಗಿಲ ಹತ್ತಿರ ನಿಂತು, ಯಾರನ್ನೂ ನೋಡದೆ ಮೆಲ್ಲಗೆ ಅಂದರು: “ಇನ್ನೊಂದು ಸಲ ಬರ್ತೇನೆ. ಅದೂ ಆಗದಿದ್ರೆ ವಾದ್ಯವನ್ನು ತಂಗಿಯ ಮನೆಗೆ ಕೊಟ್ಟು ಸುಮ್ಮನೆ ಕೂತ್ಕೊಳ್ತೇನೆ. ಆಪರೇಶನೂ ಬೇಡ, ಎಂತದೂ ಬೇಡ.”

ಆ ಭಾನುವಾರ ಡೊಂಬಿವಲಿಯಲ್ಲಿ ನೆರೆಮನೆಯವರ ಮದುವೆ. ಪೂಜಿತಾ ಅಮ್ಮನ ಹಿಂದೆ ಕೂತಿದ್ದಳು. ಸ್ಯಾಕ್ಸೋಫೋನ್ ಧರ್ಮಪಾಲ ಮಾಸ್ಟ್ರದೇ. ಪಕ್ಕದಲ್ಲಿ ಅಂಗಾರ ಬಡಿದದ್ದೇ ಬಡಿದದ್ದು. ಊಟದ ಹೊತ್ತಿಗೆ ಕೈ ತೊಳೆಯಲೆಂದು ಸಭಾಗೃಹದ ಹಿಂಬದಿಗೆ ಹೋದವಳು ಕಂಬದ ಮರೆಯಲ್ಲಿ ನಿಂತುಬಿಟ್ಟಳು. ನಲ್ಲಿಗಳ ಹತ್ತಿರ ಮಾಸ್ಟ್ರು ವಾದ್ಯದ ಕುತ್ತಿಗೆಯ ನಳಿಗೆಯನ್ನು ಬಿಚ್ಚಿ, ಒಳಗೆ ಸೇರಿದ ಎಂಜಲ ನೀರನ್ನು ತೆಗೆಯುತ್ತಿದ್ದರು. ನಳಿಗೆಗೆ ಬಾಯಿ ಕೊಟ್ಟು ‘ಫೂ’ ಎಂದು ಒಂದೇ ಏಟು. ನೀರು ಗೋಡೆಗೆ ಹಾರಿತು. ರಾಗವಿಲ್ಲ, ತಾಳವಿಲ್ಲ, ಉಳಿಸಿಕೊಳ್ಳುವ ಮಾತೇ ಇಲ್ಲ.

ಯಂತ್ರಕ್ಕೆ ಬೇಕಾದದ್ದು ಇದೇ, ಎಂದು ಪೂಜಿತಾಳಿಗೆ ಹೊಳೆಯಿತು. ಅಲ್ಲೇ ಹೋಗಿ ಹೇಳಬಹುದಿತ್ತು. ಹೇಳದೆ ಹಿಂದಿರುಗಿ ಅಮ್ಮನ ಹಿಂದೆ ಕೂತಳು. ಆ ಹೇಳದ ಮಾತನ್ನೇ ಹೊತ್ತುಕೊಂಡು ಅವಳು ಈ ಬೆಳಗಿನ ರೈಲು ಹತ್ತಿದ್ದು.

ಮಾಸ್ಟ್ರು ಬಂದು ಬೆಂಚಿನಲ್ಲಿ ಕೂರುತ್ತಾರೆ. ಶರ್ಮಿಳಾ ಗೋಡೆಗೆ ಒರಗಿ ನಿಲ್ಲುತ್ತಾರೆ. ಪೂಜಿತಾ ರಟ್ಟಿನ ನಳಿಗೆಯ ಪೊಟ್ಟಣ ಒಡೆಯುತ್ತಾ “ಮಾಸ್ಟ್ರೇ” ಎನ್ನುತ್ತಾಳೆ. ಕೇಳುವುದಿಲ್ಲ. ಇನ್ನೊಮ್ಮೆ ಅನ್ನುತ್ತಾಳೆ.

“ಎಂತ ಮಗಾ?”

“ಭಾನುವಾರ ಮದುವೆಯಲ್ಲಿ ನಿಮ್ಮನ್ನು ನೋಡಿದೆ. ಕೈ ತೊಳೆಯುವಲ್ಲಿ.”

“ಅಲ್ಲಿ ಎಂತ ನೋಡ್ಲಿಕ್ಕುಂಟು? ನಾನು ನೀರು ತೆಗೀತಿದ್ದೆ.”

“ಅದೇ. ಇಲ್ಲಿಯೂ ಹಾಗೇ ಊದಿ.”

ಮಾಸ್ಟ್ರು ಹುಬ್ಬು ಗಂಟಿಕ್ಕುತ್ತಾರೆ. “ಅದು ಊದುದಲ್ಲ ಮಗಾ, ಅದು ಉಗುಳುದು! ವಿದ್ಯೆ ಕಲಿತವ ಹಾಗೆ ಉಸಿರು ಚೆಲ್ತಾನಾ? ನಮ್ಮ ಅಪ್ಪ ಕಲಿಸಿದ ಮೊದಲ ಪಾಠವೇ ಉಸಿರು ಉಳಿಸು ಅಂತ.”

ಪೂಜಿತಾಳ ಕಿವಿ ಬಿಸಿಯಾಗುತ್ತದೆ. ಇಲ್ಲಿಗೇ ಬಿಟ್ಟುಬಿಡಬಹುದು. ಬಿಟ್ಟರೆ ಮೂರನೇ ಸಲವೂ ಅದೇ ಷರಾ ಬರೆಯಬೇಕು, ಮಾಸ್ಟ್ರು ಆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಅವಳು ಕಣ್ಣು ಮುಚ್ಚಿ ಹೇಳಿಬಿಡುತ್ತಾಳೆ: “ನೀವು ಎರಡು ಸಲವೂ ಯಂತ್ರಕ್ಕೆ ಆಲಾಪ ಮಾಡಿ ತೋರಿಸಿದ್ರಿ ಮಾಸ್ಟ್ರೇ. ಅದಕ್ಕೆ ಕಿವಿ ಇಲ್ಲ. ಉಳಿಸಿದ್ದನ್ನು ಅದು ಇಲ್ಲ ಅಂತಲೇ ಬರ್ಕೊಳ್ತದೆ.”

ಮೊದಲು ಕಿಸಕ್ಕನೆ ನಕ್ಕವರು ಶರ್ಮಿಳಾ. “ಯಂತ್ರಕ್ಕೆ ಆಲಾಪ! ಅದಕ್ಕೇ ನಾನು ಹೇಳುದು, ಮನೆಯಲ್ಲಿ ಚಹಾ ಆರಿಸುವಾಗಲೂ ಇವರದ್ದು ರಾಗವೇ!” ಮಾಸ್ಟ್ರಿಗೂ ನಗೆ ತಡೆಯುವುದಿಲ್ಲ. ಹೊಟ್ಟೆ ಕುಲುಕುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಕಣ್ಣಲ್ಲಿ ನೀರು.

“ಆಯ್ತು,” ಎನ್ನುತ್ತಾರೆ ಸುಧಾರಿಸಿಕೊಂಡು. “ಮೊದಲು ನೀರು ತೆಗೀಬೇಕು. ಆಮೇಲೆ?”

“ಆಮೇಲೆ ನಿಮ್ಮ ವಿದ್ಯೆ. ಮಂಗಳದ ಕೊನೆಯ ಸ್ವರ ಹಿಡಿದ ಹಾಗೆ ಹಿಡ್ಕೊಳ್ಳಿ. ನಾನು ಬಿಡಿ ಅನ್ನುವ ತನಕ.”

ಮೂಗಿಗೆ ಕ್ಲಿಪ್ಪು. ಎದೆ ತುಂಬ ಗಾಳಿ. “ನೀರು ತೆಗೀರಿ!” ಎಂದು ಪೂಜಿತಾ ಕೂಗುತ್ತಾಳೆ. ಆ ದನಿ ಎಲ್ಲಿಂದ ಬಂತೆಂದು ಶರ್ಮಿಳಾ ತಿರುಗಿ ನೋಡುತ್ತಾರೆ. ಪರದೆಯ ಗೆರೆ ನೆಟ್ಟಗೆ ಎದ್ದು ನಿಲ್ಲುತ್ತದೆ. “ಹಿಡೀರಿ! ಕೊನೆಯ ಸ್ವರ! ಬಿಡಬೇಡಿ ಮಾಸ್ಟ್ರೇ!” ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಮಾಸ್ಟ್ರು ಹಿಡಿದೇ ಇದ್ದಾರೆ. ಪೂಜಿತಾಳ ಬಾಯಿಂದ ಕನ್ನಡ ಹೋಗಿ ಮನೆಯ ತುಳು ಬರುತ್ತದೆ: “ನನಲಾ! ನನಲಾ! ನನಲಾ!” ಇನ್ನೂ, ಇನ್ನೂ, ಇನ್ನೂ. ಕಾರಿಡಾರಿನ ವಾಚ್‌ಮನ್ ಗಾಬರಿಯಾಗಿ ಬಾಗಿಲಲ್ಲಿ ಇಣುಕುತ್ತಾನೆ.

ಮೂರು ಊದು ಬಂದವು, ಒಂದರ ಮೇಲೊಂದು ಇಟ್ಟ ಹಾಗೆ. ಪಂಪು ಹೊಡೆಸಿ, ಸ್ವಲ್ಪ ಕೂರಿಸಿ, ಮತ್ತೆ ಊದಿಸಿದಳು. ಗೆರೆ ಮೊದಲಿನಂತೆಯೇ ಇತ್ತು. ಅಂದರೆ ಪಂಪಿನಿಂದ ಬದಲಾಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮಲಗಿಸಿ ಊದಿಸಿದಾಗ ಮಾತ್ರ ಲೆಕ್ಕ ದಡಕ್ಕನೆ ಕೆಳಗೆ ಬಂತು. ಎಲ್ಲವನ್ನೂ ಜೋಡಿಸಿ ಅವಳು ಡಾಕ್ಟರ ಮೇಜಿಗೆ ಮುಟ್ಟಿಸಿದಳು. ಷರಾ ಬರೆಯುವ ಜಾಗದಲ್ಲಿ ಈ ಸಲ ಬರೆದದ್ದು: ಪ್ರಯತ್ನ ಉತ್ತಮ.

ಡಾಕ್ಟರ್ ಅಮಿತಾ ಮಾಸ್ಟ್ರನ್ನು ಎದುರು ಕೂರಿಸಿ, ಕಲ್ಯಾಣದವರಿಗೆ ಅರ್ಥವಾಗುವ ಹಾಗೆ ಹೇಳಿದರು. “ಬೆಳಗ್ಗಿನ ಫಾಸ್ಟ್ ಲೋಕಲಿಗೆ ಹತ್ತಿದ್ದೀರಲ್ಲ? ಒಳಗೆ ನಿಂತವನಿಗೆ ಕೈಕಾಲು ಎಲ್ಲ ಸರಿಯಿರುತ್ತದೆ. ಆದರೆ ಕೈ ಎತ್ತಲಿಕ್ಕೆ ಜಾಗ ಇರುವುದಿಲ್ಲ. ನಿಮ್ಮ ಶ್ವಾಸಕೋಶಕ್ಕೆ ಆಗಿರುವುದೂ ಅದೇ. ಹೊಟ್ಟೆಯ ಕೊಬ್ಬು ಕೆಳಗಿನಿಂದ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ಒತ್ತುತ್ತದೆ, ಎದೆಯ ಸುತ್ತಲಿನ ಭಾರ ಪಕ್ಕೆಲುಬುಗಳನ್ನು ಅರಳಲು ಬಿಡುವುದಿಲ್ಲ. ಉಸಿರು ಬಿಟ್ಟ ಮೇಲೂ ಒಳಗೆ ಸ್ವಲ್ಪ ಉಳಿತಾಯ ಇರಬೇಕು. ನಿಮ್ಮದು ಬಹಳ ಕಡಿಮೆಯಾಗಿದೆ. ಮಲಗಿದರೆ ಹೊಟ್ಟೆಯ ಭಾರವೆಲ್ಲ ಎದೆಯ ಕಡೆಗೇ ಬರುತ್ತದೆ, ಅದಕ್ಕೇ ಕುರ್ಚಿಯಲ್ಲಿ ನಿದ್ದೆ. ಇದು ದಮ್ಮಲ್ಲ.”

ಮಾಸ್ಟ್ರು ಎದೆಯ ಮೇಲೆ ಅಂಗೈ ಇಟ್ಟು ನೋಡಿಕೊಂಡರು. “ಅಂದ್ರೆ ನನ್ನ ಉಸಿರು ಸತ್ತಿಲ್ಲ?”

“ಸತ್ತಿಲ್ಲ. ಸೀಟು ಸಿಗದೆ ನಿಂತಿದೆ, ಅಷ್ಟೆ.”

ಆ ಒಂದು ಮಾತನ್ನು ಹಿಡಿದುಕೊಂಡು ಮಾಸ್ಟ್ರು ಆಪರೇಶನ್ನಿಗೆ ತಯಾರಾಗತೊಡಗಿದರು. ರಾತ್ರಿ ಮುಖಕ್ಕೆ ಕಟ್ಟಿಕೊಂಡು ಗಾಳಿ ತಳ್ಳಿಸಿಕೊಳ್ಳುವ ಯಂತ್ರ ಮನೆಗೆ ಬಂತು. “ಇದೂ ಒಂದು ವಾದ್ಯವೇ, ನಾನು ಊದುವ ಬದಲು ಅದು ನನ್ನನ್ನು ಊದ್ತದೆ” ಎಂದು ನಕ್ಕು ಅಭ್ಯಾಸ ಮಾಡಿಕೊಂಡರು. ಊಟ ಬದಲಾಯಿತು. ಮೊದಮೊದಲು ಓಣಿಯ ತುದಿಯ ತನಕ, ಆಮೇಲೆ ಮಾರ್ಕೆಟ್ಟಿನ ತನಕ ನಡಿಗೆ. ಏಪ್ರಿಲಿನಲ್ಲಿ ಆಪರೇಶನ್ ಆಯಿತು. ಮುಗಿಸಿ ಹೊರಗೆ ಬಂದ ಡಾಕ್ಟರು ಉಸಿರಿಗೆ ಏನೂ ತೊಂದರೆಯಾಗಲಿಲ್ಲ ಎಂದಾಗ ಅಂಗಾರ ಕಾರಿಡಾರಿನ ಬೆಂಚಿನ ಮೇಲೆಯೇ ಬೆರಳಿನಿಂದ ಡೋಲು ಬಾರಿಸಿದನಂತೆ. ನರ್ಸ್ ಬಂದು ಗದರಿದ ಮೇಲೆ ನಿಲ್ಲಿಸಿದ.

ಎಲ್ಲರಿಗೂ ಕತ್ತರಿಯೇ ಮದ್ದು ಎಂದು ಡಾಕ್ಟರ್ ಅಮಿತಾ ಹೇಳುವುದಿಲ್ಲ. “ಕೆಲವರಿಗೆ ಊಟ, ನಡಿಗೆ, ಔಷಧಿಯಲ್ಲೇ ಆಗುತ್ತದೆ. ನಾನು ಹೇಳುವುದು ಒಂದೇ: ದಪ್ಪಗಿರುವವರ ಏದುಸಿರನ್ನು ದಮ್ಮು ಎಂದು ತಳ್ಳಿಬಿಡಬೇಡಿ, ಸೋಮಾರಿತನ ಎಂದು ನಗಲೂ ಬೇಡಿ. ಅಳೆದು ನೋಡಿ.”

ಅಳೆಯುವ ಕೆಲಸ ಮತ್ತೆ ಪೂಜಿತಾಳದೇ. ಸೆಪ್ಟೆಂಬರಿನಲ್ಲಿ ಮಾಸ್ಟ್ರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬಂದರು. ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು. ಬಾಗಿಲಲ್ಲಿ ನಿಂತು ಅವರು ಹುಡುಕಿದ್ದು ಅಗಲದ ಬೆಂಚನ್ನಲ್ಲ. ಹೊರಗಿಟ್ಟಿದ್ದ ಕೈಗಳ ಕುರ್ಚಿಯನ್ನು ಅವರೇ ಎಳೆದು ತಂದು, ಅದರ ಎರಡೂ ಕೈಗಳ ಮೇಲೆ ಮೊಣಕೈ ಇಟ್ಟು ರಾಜನ ಹಾಗೆ ಕೂತರು. ಆ ದಿನದ ಗೆರೆ ಫೆಬ್ರವರಿಯ ಗೆರೆಯನ್ನು ದಾಟಿ ಮೇಲೆ ಹೋಯಿತು. ಮಲಗಿ ಊದಿದಾಗಲೂ ಹೆಚ್ಚು ಇಳಿಯಲಿಲ್ಲ.

“ಈಗ ಚಾಪೆಯಲ್ಲಿ ಅಂಗಾತ ಮಲಗ್ತಾರೆ,” ಎಂದು ಶರ್ಮಿಳಾ ಸಿಹಿಯ ಡಬ್ಬಿಯ ಬದಲು ಕೊಯ್ದ ಪೇರಳೆಯ ಡಬ್ಬಿ ಕೈಗಿಟ್ಟರು. “ಡಿಸೆಂಬರಿನಲ್ಲಿ ಐರೋಲಿಯಲ್ಲಿ ಒಂದು ಮದುವೆ ಉಂಟು. ಇವರು ದಿಬ್ಬಣದ ಮುಂದೆ ನಡೀತೇನೆ ಅಂತ ಹೇಳಿಯಾಗಿದೆ. ನೀವು ಬರ್ಲೇಬೇಕು.”

ಪೂಜಿತಾ “ನೋಡ್ತೇನೆ” ಎಂದಳು. ಯಾರ ಮದುವೆ, ಯಾರು ಕರೆದದ್ದು, ಯಾರೆಂದು ಹೇಳಿಕೊಳ್ಳುವುದು ಎಂದೆಲ್ಲ ಯೋಚಿಸಿ ಹೋಗದೇ ಇರಲು ಅವಳಲ್ಲಿ ಬೇಕಾದಷ್ಟು ಕಾರಣಗಳಿದ್ದವು. ಆದರೂ ಹೋದಳು, ಅಮ್ಮನನ್ನು ಜೊತೆಗೆ ಕಟ್ಟಿಕೊಂಡು.

ಐರೋಲಿಯ ಸಭಾಗೃಹದ ಗೇಟಿನ ಹೊರಗೆ ದಿಬ್ಬಣದ ಬಸ್ಸು ಬಂದು ನಿಲ್ಲುತ್ತದೆ. ಮಲ್ಲಿಗೆಯ ಪರಿಮಳ, ಐಟಿ ಕಂಪನಿಯ ಶಿಫ್ಟ್ ಬಸ್ಸುಗಳ ಹಾರ್ನು, ಖಾಡಿಯ ಕಡೆಯಿಂದ ಉಪ್ಪು ಗಾಳಿ. ಧರ್ಮಪಾಲ ಮಾಸ್ಟ್ರು ಬಿಳಿ ಅಂಗಿ, ಜರಿಯ ಶಾಲು ಹೊದ್ದು ಎಲ್ಲರ ಮುಂದೆ ನಿಂತಿದ್ದಾರೆ. ಕುರ್ಚಿ ಎಲ್ಲಿಯೂ ಕಾಣುವುದಿಲ್ಲ. ವಾದ್ಯ ಬಾಯಿಗೇರುತ್ತದೆ. ಮೊದಲ ಸಾಲು ಗೇಟಿನಲ್ಲಿ ಹುಟ್ಟಿ, ಕಾರುಗಳ ಸಾಲು ದಾಟಿ, ಹೂವಿನ ಕಮಾನಿನ ತನಕ ಒಂದೇ ಉಸಿರಿನಲ್ಲಿ ಬರುತ್ತದೆ. ಅವರು ನಡೆಯುತ್ತಿದ್ದಾರೆ. ನಡೆಯುತ್ತಲೇ ಊದುತ್ತಿದ್ದಾರೆ. ಜನ ಮೊಬೈಲು ಎತ್ತಿ ಹಿಡಿದಿದ್ದಾರೆ, ಹಿಂದಿನಿಂದ ನಗುತ್ತಿದ್ದವರೂ ಆ ಗುಂಪಿನಲ್ಲಿದ್ದಾರು. ಪಕ್ಕದಲ್ಲಿ ಅಂಗಾರ ಡೋಲು ಮಿದುವಾಗಿ ಬಾರಿಸುತ್ತಾ ಪೂಜಿತಾಳನ್ನು ಕಂಡು ಕೂಗುತ್ತಾನೆ: “ನೋಡಿ ಅಕ್ಕ, ನಿಮ್ಮಿಂದ ನನ್ನ ಕೈಗೆ ಕೆಲಸ ಇಲ್ಲದ ಹಾಗಾಯ್ತು! ಮುಚ್ಚಲಿಕ್ಕೆ ಒಂದು ಸಂದು ಕೊಡ್ತಾ ಇಲ್ಲ ಈ ಮನುಷ್ಯ!”

ಪೂಜಿತಾ ತನಗರಿವಿಲ್ಲದೆ ಅವರ ಉಸಿರಿನ ಜೊತೆಗೆ ಉಸಿರು ಹಿಡಿದಿದ್ದಾಳೆ. ತುಟಿ ಮಾತ್ರ ಅಲುಗುತ್ತಿದೆ. ನನಲಾ, ನನಲಾ.

ಅಷ್ಟರಲ್ಲಿ ತಲೆ ತುಂಬ ಮಲ್ಲಿಗೆ ಮುಡಿದ ಅಜ್ಜಿಯೊಬ್ಬರು ಅವಳ ತೋಳು ಹಿಡಿಯುತ್ತಾರೆ. ಮದುಮಗಳ ಅಜ್ಜಿಯ ತಂಗಿ, ಹೆಸರು ಅಕ್ಕು. ಬಂದವರನ್ನೆಲ್ಲ ವಿಚಾರಿಸುವ ಕೆಲಸವನ್ನು ಯಾರೂ ಕೊಡದೆ ತಾವೇ ವಹಿಸಿಕೊಂಡವರು.

“ನಿನ್ನ ಗುರ್ತ ಸಿಗ್ಲಿಲ್ಲ ಮಗಾ. ಯಾರ ಕಡೆ? ಗಂಡಿನ ಕಡೆಯಾ, ಹೆಣ್ಣಿನ ಕಡೆಯಾ?”

ಡೋಲು, ಸ್ಯಾಕ್ಸೋಫೋನು, ಜನರ ಗದ್ದಲ. ಪೂಜಿತಾ ಏನೋ ಹೇಳುತ್ತಾಳೆ, ಅಜ್ಜಿಗೆ ಕೇಳುವುದಿಲ್ಲ. “ಹಾಂ? ಎಂತ?” ಎಂದು ಅವರು ಕಿವಿ ಹತ್ತಿರ ತರುತ್ತಾರೆ.

“ಅವಳು ಆಸ್ಪತ್ರೆಯಲ್ಲಿ, ಲ್ಯಾಬ್‌ನಲ್ಲಿ…” ಎಂದು ವಿಮಲಾ ಶುರು ಮಾಡುತ್ತಾರೆ.

ಪೂಜಿತಾ ಅಮ್ಮನ ಕೈ ಒತ್ತಿ ತಡೆಯುತ್ತಾಳೆ. ಫಾಸ್ಟ್ ಲೋಕಲಿನ ಮರೆಯಲ್ಲಿ ಕೂಗುತ್ತಿದ್ದವಳಿಗೆ ಇಷ್ಟು ಸದ್ದು ಸಾಕು. ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಾಳೆ. ಅದೇ ಗಳಿಗೆಗೆ ದಿಬ್ಬಣ ಹೊಸ್ತಿಲು ಮುಟ್ಟುತ್ತದೆ. ಮಾಸ್ಟ್ರು ಕೊನೆಯ ಸ್ವರವನ್ನು ಹಿಡಿದು, ಹಿಡಿದು, ಸಾಕಾಗುವಷ್ಟು ಹಿಡಿದು ಬಿಡುತ್ತಾರೆ. ಡೋಲು ನಿಲ್ಲುತ್ತದೆ. ಆರತಿಯ ತಟ್ಟೆ ಹಿಡಿದ ಹೆಂಗಸರಿಂದ ಹಿಡಿದು ಗೇಟಿನ ವಾಚ್‌ಮನ್ ತನಕ ಎಲ್ಲರೂ ಸುಮ್ಮನಾದ ಆ ಸಭಾಗೃಹದಲ್ಲಿ ಒಂದೇ ಒಂದು ದನಿ ನಿಲ್ಲದೆ ಹೊರಗೆ ಬರುತ್ತದೆ, ಸ್ಪಷ್ಟವಾಗಿ, ದೊಡ್ಡದಾಗಿ:

“ನಾನು ವಾದ್ಯದ ಕಡೆ ಅಜ್ಜೀ! ಮಾಸ್ಟ್ರನ್ನು ಊದಿಸಿದ್ದು ನಾನು!”